ಬೀಸುಕಲ್ಲಿನಿಂದ ಸ್ಟೇಟಸ್‌ವರೆಗೆ: ಹರೆಯದ ಸಂಕಟ ಮತ್ತು ಕೇಳುವ ಕಿವಿ

ತಂದೆ-ತಾಯಿಯ ನೆನಪಿಗೆ ಈ ದತ್ತಿ ಇಟ್ಟ ಕುಟುಂಬದವರೆ, ಕುಮಾರಪಟ್ಟಣದ ಬಂಧುಗಳೆ, ಮತ್ತು ಕೊನೆಯ ಸಾಲಿನಲ್ಲಿ ಕೂತು ಆಗಲೇ ಮೊಬೈಲ್ ತೆಗೆದಿರುವ ಕಾಲೇಜಿನ ಮಕ್ಕಳೆ,

ದತ್ತಿದಾನಿಗಳು ವಿಷಯವನ್ನು ನನಗೇ ಬಿಟ್ಟಿದ್ದರು. ಹಾಕಿದ್ದು ಒಂದೇ ಷರತ್ತು: ಮಕ್ಕಳು ಬಂದಿರುತ್ತಾರೆ, ಅವರಿಗೆ ಆಕಳಿಕೆ ಬರಬಾರದು. ಅದಕ್ಕೇ ಅವರದೇ ಸುದ್ದಿ ಎತ್ತಿಕೊಂಡಿದ್ದೇನೆ. ಹದಿಮೂರರಿಂದ ಹತ್ತೊಂಬತ್ತರ ಒಳಗಿನವರು ತಮ್ಮ ಬೇಸರ, ಸಿಟ್ಟು, ಒಂಟಿತನವನ್ನೆಲ್ಲ ವಾಟ್ಸಾಪ್ ಸ್ಟೇಟಸ್ಸಿಗೆ, ಇನ್‌ಸ್ಟಾಗ್ರಾಮ್ ಸ್ಟೋರಿಗೆ ಯಾಕೆ ಹಾಕುತ್ತಾರೆ? ಮನೆಯಲ್ಲಿ ಕೇಳಿದರೆ 'ಏನಿಲ್ಲ' ಎನ್ನುವ ಹುಡುಗಿ ಇನ್ನೂರು ಜನರ ಕಣ್ಣಿಗೆ ಬೀಳುವಂತೆ ಯಾಕೆ ಅಳುತ್ತಾಳೆ? ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ನನಗೆ ಈ ಪ್ರಶ್ನೆ ಎದುರಾದದ್ದು ನಿವೃತ್ತಿಯ ಮೇಲೆ, ನನ್ನ ಫೋನಿನಲ್ಲೇ.

ಹೋದ ವರ್ಷ ನನ್ನ ನಂಬರ್ ಬದಲಾಯಿತು. ಪಿಯುಸಿ ಮೊದಲ ವರ್ಷದಲ್ಲಿರುವ ಮೊಮ್ಮಗಳು ಹೊಸ ನಂಬರನ್ನು ತಾನೇ ಸೇವ್ ಮಾಡಿಕೊಂಡಳು. ಒಂದು ರಾತ್ರಿ ಹನ್ನೊಂದೂವರೆ ಹೊತ್ತಿಗೆ ನಿದ್ದೆ ಬಾರದೆ ಫೋನ್ ತೆಗೆದರೆ ಅವಳ ಚಿತ್ರದ ಸುತ್ತ ಹಸಿರು ಉಂಗುರ. ಒತ್ತಿದೆ. ಕಪ್ಪು ಪರದೆ. ನಡುವೆ ಸಣ್ಣ ಬಿಳಿ ಅಕ್ಷರದಲ್ಲಿ, 'ನಾನಿದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ.' ಕೆಳಗೊಂದು ಒಡೆದ ಹೃದಯ. ಹಿಂದೆ ಯಾವುದೋ ಸಿನಿಮಾ ಹಾಡಿನ ಚೂರು.

ನನ್ನ ಎದೆ ಧಸಕ್ಕೆಂದಿತು. ರಾತ್ರಿ ಪಾಳಿಯಲ್ಲಿದ್ದ ಮಗನಿಗೆ ಫೋನ್ ಮಾಡಿದೆ. ಅವನು ಹೆಂಡತಿಗೆ ಮಾಡಿದ. ಹತ್ತು ನಿಮಿಷದಲ್ಲಿ ಆ ಮನೆಯ ದೀಪಗಳೆಲ್ಲ ಹತ್ತಿದವು, ಹುಡುಗಿಯನ್ನು ಎಬ್ಬಿಸಿ ಕೂರಿಸಿ ವಿಚಾರಣೆಯೂ ನಡೆಯಿತು. ಮರುದಿನ ಸಂಜೆ ಮುಖ ಊದಿಸಿಕೊಂಡು ನನ್ನ ಹತ್ತಿರ ಬಂದಳು.

'ಅಜ್ಜಾ, ಅದು ನಿನಗ ಹಾಕಿದ್ದಲ್ಲ. ಅಪ್ಪ, ಅವ್ವ, ಕಾಕಾ ಎಲ್ಲಾರನ್ನೂ ಹೈಡ್ ಮಾಡಿದ್ದೆ. ನಿನ್ನ ಹೊಸಾ ನಂಬರ್ ಮರ್ತುಬಿಟ್ಟೆ.'

'ಹಂಗಾದ್ರ ಯಾರಿಗೆ ಹಾಕಿದ್ದಿ?'

'ಯಾರಿಗೂ ಅಲ್ಲ.'

ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಅಂದಳು, 'ಒಬ್ಬಾಕಿಗೆ.'

ಅದೇ ವಾರ ಗೆಳತಿಯೊಬ್ಬಳು ಬಸ್ಸಿನಲ್ಲಿ ಇವಳನ್ನು ಬಿಟ್ಟು ಬೇರೆಯವಳ ಪಕ್ಕ ಕೂತಿದ್ದಳಂತೆ. ನಡೆದದ್ದು ಅಷ್ಟೇ. ನಮಗೆ ಅಷ್ಟೇ, ಹದಿನಾರಕ್ಕೆ ಅದು ಆಕಾಶ ಬಿದ್ದಂತೆ. ಆದರೆ ಅವಳು ಕೊಟ್ಟ ಎರಡು ಉತ್ತರ, 'ಯಾರಿಗೂ ಅಲ್ಲ' ಮತ್ತು 'ಒಬ್ಬಾಕಿಗೆ', ಎರಡೂ ನಿಜ ಎಂದು ನನಗೆ ಆಗ ಹೊಳೆಯಿತು. ಊರಿಗೆಲ್ಲ ಕಾಣುವಂತೆ ಹೇಳಬೇಕು, ಒಬ್ಬರಿಗೆ ಮುಟ್ಟಬೇಕು, ಯಾರಾದರೂ ಹಿಡಿದು ಕೇಳಿದರೆ 'ಸುಮ್ನ ಹಾಕೀನಿ' ಎಂದು ಜಾರಿಕೊಳ್ಳಲು ದಾರಿ ಇರಬೇಕು. ಈ ಉಪಾಯ ಎಲ್ಲೋ ನೋಡಿದ್ದೆನಲ್ಲ ಎಂದು ಯೋಚಿಸಿದರೆ ನೆನಪಾದದ್ದು ನಮ್ಮ ಅಜ್ಜಿಯ ಬೀಸುಕಲ್ಲು.

ಅಜ್ಜಿ ಹನ್ನೆರಡಕ್ಕೆ ಮದುವೆಯಾಗಿ ಬಂದವಳು. ಹುಡುಗಿಯ ಮದುವೆಗೆ ಹದಿನಾಲ್ಕಾದರೂ ತುಂಬಿರಬೇಕೆಂದು ಶಾರದಾ ಕಾಯ್ದೆ ಹೇಳಿದ್ದು 1929ರಲ್ಲಿ, ಅದು ಬರುವ ಹೊತ್ತಿಗೆ ಅವಳ ಸಂಸಾರ ಎಷ್ಟೋ ವರ್ಷ ಹಳೆಯದು. ಹಗಲು ಅತ್ತೆಯ ಮುಂದೆ ತಲೆ ಎತ್ತುವಂತಿಲ್ಲ. ತವರಿನ ಸುದ್ದಿ ತೆಗೆಯುವಂತಿಲ್ಲ. ಕೋಳಿ ಕೂಗುವ ಮೊದಲೇ ಎದ್ದು ಜೋಳ ಬೀಸಲು ಕೂತಾಗ ಮಾತ್ರ ಬಾಯಿಗೆ ಬಿಡುಗಡೆ. ಪಂಚಮಿಗೆ ಅಣ್ಣ ಕರೆಯಲು ಬರಲಿಲ್ಲವೆಂಬ ನೋವು, ಅವ್ವನ ನೆನಪು, ಅತ್ತೆಯ ಬಿರುನುಡಿ, ಎಲ್ಲ ಮೂರು ಸಾಲಿನ ಪದವಾಗಿ ಹೊರಗೆ ಬರುತ್ತಿತ್ತು. ಪಡಸಾಲೆಯಲ್ಲಿ ಮಲಗಿದ ಅತ್ತೆಗೆ ಅದು ಕೇಳಿಸುತ್ತಿರಲಿಲ್ಲವೆ? ಕೇಳಿಸಲೆಂದೇ ಹಾಡುತ್ತಿದ್ದದ್ದು. ಆದರೆ ಪದಕ್ಕೆ ಯಾರೂ ಬೈಯುವಂತಿಲ್ಲ, ಅದು ಎಲ್ಲ ಸೊಸೆಯರ ಪದ. 'ಕಲ್ಲಿಗೆ ಹೇಳಿದ್ದು ಹಿಟ್ಟಿನಾಗ ಹೋತು' ಎಂದು ಅಜ್ಜಿ ನಗುತ್ತಿದ್ದಳು. ಹಲಸಂಗಿ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದಾಗ ಕನ್ನಡ ಸಾಹಿತ್ಯ ಲೋಕ ಆ ತ್ರಿಪದಿಗಳ ಕಾವ್ಯಗುಣಕ್ಕೆ ಬೆರಗಾಯಿತು. ಅವುಗಳಲ್ಲಿ ಎಷ್ಟೋ ಹಾಡುಗಳ ಹಿಂದೆ ಇಂದಿನ ಲೆಕ್ಕದಲ್ಲಿ ಎಂಟನೆಯ, ಒಂಬತ್ತನೆಯ ತರಗತಿಯಲ್ಲಿರಬೇಕಾದ ಹುಡುಗಿಯರ ಸಂಕಟವಿದೆ ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಗಂಡು ಹುಡುಗರಿಗೂ ಒಂದು ಜಾಗವಿತ್ತು, ಹೋಳಿ ಹುಣ್ಣಿಮೆ. ಬಾಯಿ ಬಡಿದುಕೊಳ್ಳುತ್ತ ಓಣಿ ತಿರುಗುವುದು, ಉಳಿದ ದಿನ ಆಡಿದರೆ ಹಲ್ಲು ಉದುರುವಂಥ ಮಾತುಗಳನ್ನು ಆ ರಾತ್ರಿ ಕೂಗಿ ಹಗುರಾಗುವುದು. ನಮ್ಮ ರಾಣೆಬೆನ್ನೂರಿನಲ್ಲಿ ರತಿ-ಮನ್ಮಥರ ವೇಷ ಹಾಕಿದ ಇಬ್ಬರನ್ನು ಬೀದಿಯಲ್ಲಿ ಕೂರಿಸುತ್ತಾರೆ. ಜನ ಸರದಿಯ ಮೇಲೆ ಮುಂದೆ ಬಂದು ಕುಣಿದು, ಅಣಕಿಸಿ, ಇಲ್ಲದ ಕಥೆ ಕಟ್ಟಿ ಅವರನ್ನು ನಗಿಸಲು ನೋಡುತ್ತಾರೆ. ನಗಿಸಿದವರಿಗೆ ಬಹುಮಾನ. ಅವರೋ ಕಲ್ಲಿನಂತೆ ಕೂತಿರುತ್ತಾರೆ. ಮನೆಯಲ್ಲಿ ಹದಿನೈದರ ಮಗ ಊಟದ ತಟ್ಟೆಯ ಮುಂದೆ ಕೂತಾಗ ನನಗೆ ಈ ಮನ್ಮಥನೇ ಕಾಣುತ್ತಾನೆ. ಎಲ್ಲರೂ ಅವನನ್ನು ಮಾತಾಡಿಸಲು ನೋಡುವವರೇ, ಅವನ ಮುಖದ ಒಂದು ನರವೂ ಅಲುಗುವುದಿಲ್ಲ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ಫೋನಿನಲ್ಲಿ ನಗುವೂ ಅವನದೇ, ಅಳುವೂ ಅವನದೇ.

ಇನ್ನೊಂದು ಹಳೆಯ ದಾರಿಯನ್ನೂ ಹೇಳಬೇಕು. ನಮ್ಮ ಜಿಲ್ಲೆಯ ಗಡಿಗೆ ತಾಗಿದ ಶಿಕಾರಿಪುರ ತಾಲ್ಲೂಕಿನ ಉಡುತಡಿಯಿಂದ ಹನ್ನೆರಡನೆಯ ಶತಮಾನದಲ್ಲಿ ಒಬ್ಬ ಎಳೆಯ ಹೆಣ್ಣುಮಗಳು ಮನೆ ಬಿಟ್ಟು ನಡೆದಳು. ಅಕ್ಕಮಹಾದೇವಿಯ ಸಂಕಟ, ಸಿಟ್ಟು, ವಿರಹ ಎಲ್ಲಕ್ಕೂ ಒಂದು ವಿಳಾಸವಿತ್ತು, ಚೆನ್ನಮಲ್ಲಿಕಾರ್ಜುನ. ವಚನಕ್ಕೆ ಅಂಕಿತವಿರುತ್ತದೆ, ಮಾತು ಯಾರ ಕಡೆಗೆ ಹೊರಟಿದೆ ಎಂದು ಗೊತ್ತಿರುತ್ತದೆ. ನನ್ನ ಮೊಮ್ಮಗಳ ಸ್ಟೇಟಸ್ಸಿಗೆ ಅಂಕಿತವಿರಲಿಲ್ಲ. ಅದನ್ನು ನೋಡಿದವರೆಲ್ಲ 'ಇದು ನನಗೇ ಇರಬಹುದೆ?' ಎಂದುಕೊಂಡರು. ಯಾರಿಗೆ ಮುಟ್ಟಬೇಕಿತ್ತೋ ಅವಳು ಮಾತ್ರ ಅದನ್ನು ತೆರೆದೇ ನೋಡಿರಲಿಲ್ಲ.

ಇಷ್ಟು ಹೇಳಿದ್ದು ಯಾಕೆಂದರೆ, 'ನಮ್ಮ ಕಾಲದಾಗ ಇಂಥಾದ್ದೆಲ್ಲ ಇರಲಿಲ್ಲ' ಎಂಬ ಮಾತನ್ನು ಬಾಗಿಲಲ್ಲೇ ತಡೆಯಲಿಕ್ಕೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17ರ ವಯಸ್ಸಿನವರಲ್ಲಿ ನೂರಕ್ಕೆ 7.3 ಮಂದಿಗೆ ಚಿಕಿತ್ಸೆ ಬೇಕಾಗುವಂಥ ತೊಂದರೆ ಇದೆ ಎಂದು ಕಂಡಿತ್ತು. ಜಿಯೊ ಬಂದದ್ದು 2016ರ ಸೆಪ್ಟೆಂಬರಿನಲ್ಲಿ, ವಾಟ್ಸಾಪಿನಲ್ಲಿ ಇಪ್ಪತ್ನಾಲ್ಕು ಗಂಟೆಯ ಸ್ಟೇಟಸ್ ಬಂದದ್ದು 2017ರಲ್ಲಿ. ಅಗ್ಗದ ಡೇಟಾ ನಮ್ಮ ಹಳ್ಳಿಗಳಿಗೆ ಹಬ್ಬುವ ಮೊದಲೇ ನೋವು ಅಲ್ಲಿ ಇತ್ತು. ಬರೆಯಲು ಗೋಡೆ ಇರಲಿಲ್ಲ, ಅಷ್ಟೇ.

ಹಾಗಾದರೆ ಈ ವಯಸ್ಸಿಗೇ ಯಾಕೆ ಇಷ್ಟು? ಮೊದಲನೆಯದು ಮೈ. ಭಾವ ಉಕ್ಕಿಸುವ ಮಿದುಳಿನ ಭಾಗಗಳು ಹರೆಯದ ಆರಂಭದಲ್ಲೇ ಚುರುಕಾಗುತ್ತವೆ. ತಡೆದು, ತೂಗಿ, 'ನಾಳೆ ನೋಡೋಣ' ಎನ್ನುವ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಸುಮಾರಿಗೆ. ನಮ್ಮ ಕೊಬ್ಬರಿ ಹೋರಿ ಸ್ಪರ್ಧೆಯ ಭಾಷೆಯಲ್ಲಿ ಹೇಳುವುದಾದರೆ ಹೋರಿ ಆಗಲೇ ಅಖಾಡಕ್ಕೆ ನುಗ್ಗಿದೆ, ಮೂಗುದಾರ ಇನ್ನೂ ಹೊಸೆಯುತ್ತಿದ್ದಾರೆ. ಜೊತೆಗೆ ಈ ವಯಸ್ಸಿನಲ್ಲಿ ನಿದ್ದೆಯ ಹೊತ್ತು ಒಂದೆರಡು ತಾಸು ತಾನಾಗಿ ಮುಂದಕ್ಕೆ ಸರಿಯುತ್ತದೆ. ಮನೆಯವರೆಲ್ಲ ಮಲಗಿದ ಮೇಲೆ ಎಚ್ಚರವಿರುವವರು ಇಬ್ಬರೇ, ಆ ಮಗು ಮತ್ತು ಆ ಫೋನು.

ಎರಡನೆಯದು ಮನೆ. ಕುಮಾರಪಟ್ಟಣ ಪಾಳಿಯ ಊರು. ನೀಲಗಿರಿ ಮರದ ತಿರುಳು ತೆಗೆಯುವ ಕಾರ್ಖಾನೆ 1970ರ ದಶಕದಲ್ಲಿ ತುಂಗಭದ್ರೆಯ ಈ ದಡಕ್ಕೆ ಬಂದಾಗಿನಿಂದ ಇಲ್ಲಿಯ ಎಷ್ಟೋ ಮನೆಗಳ ಗಡಿಯಾರವನ್ನು ನಡೆಸುವುದು ಪಾಳಿಯೇ. ಅಪ್ಪ ಬರುವಾಗ ಮಗ ಶಾಲೆಗೆ ಹೊರಟಿರುತ್ತಾನೆ, ಮಗ ಬರುವಾಗ ಅಪ್ಪ ಮಲಗಿರುತ್ತಾನೆ. 'ಸದ್ದು ಮಾಡಬ್ಯಾಡ' ಎಂಬುದು ಇಂಥ ಮನೆಯ ಮಗು ಮೊದಲು ಕಲಿಯುವ ಪಾಠ. ಇದು ಯಾರ ತಪ್ಪೂ ಅಲ್ಲ. ಆದರೆ ಸದ್ದು ಮಾಡದೆ ಮಾತಾಡುವ ಯಂತ್ರ ಕೈಗೆ ಬಂದಾಗ ಮಗು ಬೇರೇನು ಮಾಡೀತು? ಆ ಯಂತ್ರ ಕೊಡಿಸಿದವರೂ ನಾವೇ. 2020ರ ಮಾರ್ಚಿನಲ್ಲಿ ಶಾಲೆಗೆ ಬೀಗ ಬಿದ್ದಾಗ, ಅದುವರೆಗೆ 'ಫೋನ್ ಮುಟ್ಟಬ್ಯಾಡ' ಎಂದು ಬೈಯುತ್ತಿದ್ದವರೇ ಸಾಲ ಮಾಡಿ ಫೋನ್ ತಂದುಕೊಟ್ಟೆವು. 2021ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಯಿತು, ಎಸ್ಸೆಸ್ಸೆಲ್ಸಿ ಜುಲೈ 19 ಮತ್ತು 22ರ ಎರಡೇ ದಿನದಲ್ಲಿ ಮುಗಿಯಿತು. ಆ ವರ್ಷದ ಮಕ್ಕಳಿಗೆ ಬೀಳ್ಕೊಡುಗೆಯೂ ಸರಿಯಾಗಿ ಆಗಲಿಲ್ಲ. ಗೆಳೆತನ, ಜಗಳ, ರಾಜಿ ಎಲ್ಲವೂ ಪರದೆಯ ಮೇಲೇ ನಡೆದವು.

ಮೂರನೆಯದು ನಾಚಿಕೆ ಮತ್ತು ಹೆದರಿಕೆ. ಹುಡುಗ ಅತ್ತರೆ 'ಗಂಡಸಾಗಿ ಅಳ್ತಿಯೇನೋ' ಎನ್ನುತ್ತೇವೆ. ಅವನು ತಾನು ಅಳುವುದಿಲ್ಲ, ಹಾಡಿನಿಂದ ಅಳಿಸುತ್ತಾನೆ. ಯೂಟ್ಯೂಬಿನಲ್ಲಿ 'ಜಾನಪದ ಸಾಂಗ್' ಎಂಬ ಹೆಸರಿನಲ್ಲಿ ನಮ್ಮ ಉತ್ತರ ಕರ್ನಾಟಕದ ಹುಡುಗರು ಕಟ್ಟಿ, ಹಾಡಿ, ಡಿಜೆ ಬಡಿತ ಹಾಕಿ ಬಿಡುವ ಹಾಡುಗಳನ್ನು ಕೇಳಿದ್ದೀರಿ. ಕೈಕೊಟ್ಟ ಹುಡುಗಿ, ನಿಯತ್ತಿಲ್ಲದ ದೋಸ್ತ, ಬಡವನೆಂದು ಬಿಟ್ಟುಹೋದವರು, ಬಹುಪಾಲು ಇವೇ. ಟ್ರ್ಯಾಕ್ಟರಿನ ಮೇಲೆ ಅದನ್ನು ಜೋರಾಗಿ ಹಚ್ಚಿಕೊಂಡು ಹೋಗುವ ಹುಡುಗನನ್ನು ಊರು ಪುಂಡನೆಂದು ಕರೆಯುತ್ತದೆ. ಅವನು ಬೀಸುವ ಪದವನ್ನೇ ಹಾಡುತ್ತಿರಬಹುದು. ಹುಡುಗಿಯ ಕಷ್ಟ ಬೇರೆ. ಅವಳ ಒಂದು ಸಾಲನ್ನು ಯಾರೋ ಸ್ಕ್ರೀನ್‌ಶಾಟ್ ತೆಗೆದು ಸೋದರಮಾವನಿಗೆ ಕಳಿಸಿದರೆ ಕಾಲೇಜು ನಿಲ್ಲಬಹುದು, ಗಂಡು ನೋಡುವುದು ಶುರುವಾಗಬಹುದು. ಅದಕ್ಕೇ ಎರಡನೆಯ ಅಕೌಂಟು, ಹೈಡ್ ಪಟ್ಟಿ, ಅರ್ಥವಾಗದಂಥ ಒಗಟಿನ ಮಾತು. ನಮಗೆ ನಾಟಕವಾಗಿ ಕಾಣುವುದು ಅವಳಿಗೆ ಎಚ್ಚರಿಕೆ.

ಎಲ್ಲ ಕಪ್ಪು ಪರದೆಯ ಹಿಂದೆಯೂ ಪ್ರಳಯವಿರುತ್ತದೆ ಎಂದು ನಾನು ಹೇಳುವುದಿಲ್ಲ. ಅರ್ಧ ಫ್ಯಾಷನ್ನೂ ಹೌದು. ಗೆಳತಿ ಹಾಕಿದಳೆಂದು ಹಾಕುವುದುಂಟು, ಮಳೆ ಬಂದದ್ದಕ್ಕೂ 'ಫೀಲಿಂಗ್ ಅಲೋನ್' ಬರೆಯುವುದುಂಟು. ಹರೆಯ ಅತಿಶಯೋಕ್ತಿಯ ಕಾಲ. ಆದರೆ ಯಾವುದು ಆಟ, ಯಾವುದು ನಿಜ ಎಂದು ದೂರದಿಂದ ತೀರ್ಪು ಕೊಡುವ ಯೋಗ್ಯತೆ ನನಗಿಲ್ಲ. ಹಾಗೆ ಒಮ್ಮೆ ಕೊಟ್ಟು ಕೆಟ್ಟವನು ನಾನು.

1990ರ ದಶಕ. ಒಂಬತ್ತನೆಯ ತರಗತಿಯ ಹುಡುಗನೊಬ್ಬನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಎಂಟು ಸಾಲಿನ ಪದ್ಯ ಸಿಕ್ಕಿತು. ಹೊಳೆಯನ್ನು ಕುರಿತು ಬರೆದದ್ದು. 'ಹೃದಯ' ಎನ್ನುವಲ್ಲಿ 'ರುದಯ' ಎಂದಿತ್ತು. ನಾನು ಅದನ್ನು ತರಗತಿಗೆ ಗಟ್ಟಿಯಾಗಿ ಓದಿ, 'ಮೊದಲು ಹೃದಯ ಬರೆಯೋದು ಕಲಿ, ಆಮ್ಯಾಲೆ ಒಡಕೊಳ್ಳುವಿಯಂತೆ' ಎಂದೆ. ತರಗತಿ ಗೊಳ್ಳೆಂದಿತು. ಆ ವರ್ಷ ಹೊಳೆಯಾಚೆ ಅವನ ಅಪ್ಪನ ಕೆಲಸ ಹೋಗಿತ್ತೆಂದು, ಮನೆಯಲ್ಲಿ ಒಲೆ ಹೊತ್ತುವುದೇ ಕಷ್ಟವಾಗಿತ್ತೆಂದು ನನಗೆ ತಿಳಿದದ್ದು ಪರೀಕ್ಷೆ ಮುಗಿದ ಮೇಲೆ. ಅವನ ಉತ್ತರ ಪತ್ರಿಕೆಗಳು ನೆನಪಿವೆ, ಕೇಳಿದ್ದಕ್ಕಿಂತ ಒಂದು ಅಕ್ಷರ ಹೆಚ್ಚು ಬರೆಯುತ್ತಿರಲಿಲ್ಲ. ಇಂದಿನ ಮಕ್ಕಳು ತಮ್ಮ ಪದ್ಯವನ್ನು ಮೇಷ್ಟ್ರ ಕೈಗೆ ಸಿಗದ ಜಾಗದಲ್ಲಿ ಬರೆಯುತ್ತಾರೆಂದರೆ, ನನ್ನಂಥ ಮೇಷ್ಟ್ರುಗಳು ಎಷ್ಟು ಜನವಿದ್ದೆವೋ ಲೆಕ್ಕ ಹಾಕಬೇಕು.

ಬರೆಯುವುದರಿಂದ ಮನಸ್ಸು ಹಗುರಾಗುತ್ತದೆ ಎಂಬುದು ಬರೀ ನಂಬಿಕೆಯಲ್ಲ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ, ತಮ್ಮ ಆಳದ ನೋವನ್ನು ಬರೆದರು. ಮುಂದಿನ ತಿಂಗಳುಗಳಲ್ಲಿ ಅವರು ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು ಕಡಿಮೆ. ಆದರೆ ಅವರ ಬರಹಕ್ಕೆ ಲೈಕು ಇರಲಿಲ್ಲ. ಲೈಕು ಬಂದಲ್ಲಿ ಲೆಕ್ಕ ಬದಲಾಗುತ್ತದೆ. 2016ರಲ್ಲಿ ಲಾಸ್ ಏಂಜಲೀಸಿನ ಸಂಶೋಧಕರು ಹದಿಹರೆಯದವರ ಮಿದುಳಿನ ಚಿತ್ರ ತೆಗೆಯುತ್ತ, ಅವರದೇ ಫೋಟೊಗಳನ್ನು ಹೆಚ್ಚು ಲೈಕು, ಕಡಿಮೆ ಲೈಕು ತೋರಿಸಿ ಮುಂದಿಟ್ಟರು. ಹೆಚ್ಚು ಲೈಕು ಕಂಡಾಗ ಬಹುಮಾನ ಸಿಕ್ಕಾಗ ಮಿನುಗುವ ಭಾಗಗಳೇ ಮಿನುಗಿದವು. ಅತ್ತಾಗಲೇ ಜನ ತಿರುಗಿ ನೋಡುತ್ತಾರೆಂದು ಒಮ್ಮೆ ಗೊತ್ತಾದ ಮಗು ಎರಡನೆಯ ಸಲ ಸ್ವಲ್ಪ ಜೋರಾಗಿ ಅಳುತ್ತದೆ.

ಬೀಸುಕಲ್ಲಿಗೂ ಫೋನಿಗೂ ಇರುವ ವ್ಯತ್ಯಾಸ ಇಲ್ಲಿದೆ. ಬೆಳಗಾದರೆ ಹಾಡು ಮುಗಿಯುತ್ತಿತ್ತು. ಸ್ಟೇಟಸ್ ಇಪ್ಪತ್ನಾಲ್ಕು ಗಂಟೆಗೆ ಅಳಿಯುತ್ತದೆ ಎನ್ನುತ್ತಾರೆ, ಸ್ಕ್ರೀನ್‌ಶಾಟ್ ಅಳಿಯುವುದಿಲ್ಲ. ಕಲ್ಲು ಹಾಡನ್ನು ನುಂಗುತ್ತಿತ್ತು, ಫೋನು ಅದನ್ನು ಹತ್ತು ಮಾಡಿ ತಿರುಗಿ ಕೊಡುತ್ತದೆ. ಬೇಸರದ ಒಂದು ರೀಲನ್ನು ಕೊನೆಯವರೆಗೆ ನೋಡಿದ ಹುಡುಗನ ಮುಂದೆ ಅಂಥವೇ ಸಾಲುಗಟ್ಟುತ್ತವೆ, ಯಾಕೆಂದರೆ ಅವನು ನೋಡುತ್ತ ಕೂತಷ್ಟೂ ಕಂಪನಿಗೆ ಕಾಸು. ಲಂಡನ್ನಿನಲ್ಲಿ 2017ರಲ್ಲಿ ತೀರಿಕೊಂಡ ಹದಿನಾಲ್ಕರ ಮಾಲಿ ರಸೆಲ್ ಎಂಬ ಹುಡುಗಿಯ ಸಾವಿಗೆ ಹೀಗೆ ಹರಿದುಬಂದ ಆನ್‌ಲೈನ್ ಸರಕೂ ಕಾರಣದ ಒಂದು ಪಾಲು ಎಂದು 2022ರಲ್ಲಿ ಅಲ್ಲಿಯ ವಿಚಾರಣಾಧಿಕಾರಿ ದಾಖಲಿಸಿದರು. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ ಹದಿನಾರರೊಳಗಿನವರಿಗೆ ಇಂಥ ಜಾಲತಾಣಗಳ ಖಾತೆಯನ್ನೇ ನಿಷೇಧಿಸಿತು. ಕಂಪನಿಗಳಿಗೆ ಮೂಗುದಾರ ಬೇಕು, ನಾನು ಒಪ್ಪುತ್ತೇನೆ. ಆದರೆ ಗೋಡೆ ಕೆಡವಿದ ಮೇಲೆ ಆ ಮಗು ಯಾರಿಗೆ ಹೇಳಬೇಕು ಎಂಬುದಕ್ಕೆ ಕಾಯ್ದೆಯಲ್ಲಿ ಉತ್ತರವಿಲ್ಲ.

ಇಂಥ ಸಭೆಗಳಲ್ಲಿ ಹಿರಿಯರು ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವರ ಹೆಸರು ತೆಗೆದು ಮಕ್ಕಳನ್ನು ಬೈಯುವುದು ವಾಡಿಕೆ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮಹಾದೇವಪ್ಪ 1930ರಲ್ಲಿ ಗಾಂಧೀಜಿಯ ಜೊತೆ ದಂಡಿಗೆ ನಡೆದಾಗ ಅವರಿಗೆ ಹದಿನೆಂಟು ವರ್ಷ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. 'ಅವರ ಹದಿನೆಂಟು ನೋಡ್ರಿ, ನಿಮ್ಮ ಹದಿನೆಂಟು ನೋಡ್ರಿ' ಎನ್ನುತ್ತೇವೆ. ನಾನು ಬೇರೆ ಥರ ನೋಡುತ್ತೇನೆ. ಅವರೊಳಗೂ ಮನೆಯಲ್ಲಿ ಹಿಡಿಸದ ಒಂದು ತಳಮಳ ಇದ್ದಿರಲೇಬೇಕು, ಇಲ್ಲದಿದ್ದರೆ ಆ ವಯಸ್ಸಿನಲ್ಲಿ ಮೋಟೆಬೆನ್ನೂರು ಬಿಟ್ಟು ಸಾಬರಮತಿಯವರೆಗೆ ಯಾರು ಹೋಗುತ್ತಾರೆ? ಆ ತಳಮಳವನ್ನು 'ಹುಡುಗಾಟ' ಎನ್ನದೆ, ಕೈಗೊಂದು ಕೆಲಸ ಕೊಟ್ಟು ಜೊತೆಗೆ ನಡೆಸಿಕೊಂಡು ಹೋದ ಹಿರಿಯರು ಅಂದು ಇದ್ದರು. ಇಂದಿನ ಹದಿನೆಂಟನ್ನು ಅಳೆಯುವ ಮೊದಲು ಇಂದಿನ ಹಿರಿಯರಾದ ನಮ್ಮನ್ನು ಅಳೆದುಕೊಳ್ಳಬೇಕು.

ಏನು ಮಾಡಬೇಕು? ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಕೂತ ಹೆಂಗಸರನ್ನು ನೋಡಿ. ಕಣ್ಣು ಕಾಯಿಯ ಮೇಲೆ, ಕೈ ತೊಟ್ಟಿನ ಮೇಲೆ, ಮಾತು ಮಾತ್ರ ಎಲ್ಲಿಂದೆಲ್ಲಿಗೋ. ಮುಖಕ್ಕೆ ಮುಖ ಕೊಟ್ಟು ಆಡಲಾಗದ ಮಾತು ಕೈಗೆ ಕೆಲಸವಿದ್ದಾಗ ತಾನಾಗಿ ಬರುತ್ತದೆ. ಮಕ್ಕಳನ್ನು ಎದುರಿಗೆ ನಿಲ್ಲಿಸಿ 'ಏನಾಗೇತಿ ಹೇಳು' ಎನ್ನಬೇಡಿ. ಪಕ್ಕದಲ್ಲಿ ಕೂತು ಏನಾದರೂ ಕೆಲಸ ಮಾಡಿ. ಬಾಯಿ ಬಿಟ್ಟಾಗ ಬುದ್ಧಿ ಹೇಳುವ ಆತುರ ಬೇಡ, ಪಕ್ಕದ ಮನೆಯ ಮಗನ ಅಂಕ ನೆನಪಿಸುವುದು ಮೊದಲೇ ಬೇಡ. ಎಸ್ಸೆಸ್ಸೆಲ್ಸಿಗೆ ಈಗ ಒಂದಕ್ಕಿಂತ ಹೆಚ್ಚು ಅವಕಾಶವಿದೆ. ಸರ್ಕಾರಕ್ಕೇ ಅಷ್ಟು ತಾಳ್ಮೆ ಇರುವಾಗ ನಮಗೂ ಇರಲಿ.

ಒಂದು ಎಚ್ಚರಿಕೆ. ಸಾಯುವ ಮಾತು, ಎಲ್ಲರಿಗೂ 'ಇನ್ನ ಬರ್ತೀನಿ' ಎನ್ನುವ ಧಾಟಿ, ಪ್ರೀತಿಯ ವಸ್ತುಗಳನ್ನು ಹಂಚುವುದು, ವಾರಗಟ್ಟಲೆ ಊಟ-ನಿದ್ದೆ ಕೆಡುವುದು, ಇವು ಕಂಡರೆ ಫ್ಯಾಷನ್ ಎಂದು ಬಿಡಬೇಡಿ. 'ಸಾಯಬೇಕು ಅನಿಸ್ತದೇನು?' ಎಂದು ನೇರವಾಗಿ, ಮೆತ್ತಗೆ ಕೇಳಿ. ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಟೆಲಿ-ಮಾನಸ್ ಸಹಾಯವಾಣಿಯ ನಂಬರ್ 14416. ಹಗಲು-ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳಿಗೆ ಯಾರಿಂದಲಾದರೂ ಹಿಂಸೆಯಾದರೆ 1098.

ಕೊನೆಯ ಸಾಲಿನ ಮಕ್ಕಳೆ, ನಿಮಗೂ ಎರಡು ಮಾತು. ಗೆಳತಿಯ ಅಳುವನ್ನು ಸ್ಕ್ರೀನ್‌ಶಾಟ್ ತೆಗೆಯಬೇಡಿ. ನಿಮ್ಮ ಸಂಕಟಕ್ಕೊಂದು ಅಂಕಿತ ಹಾಕಿ. ಇನ್ನೂರು ಜನರಿಗೆ ಹಾಕುವ ಸಾಲನ್ನು ಒಬ್ಬರ ಹೆಸರು ಬರೆದು ಅವರಿಗೇ ಕಳಿಸಿ.

ನನ್ನ ಮೊಮ್ಮಗಳು ಅಂದು ಸಂಜೆಯೇ ನನ್ನ ಹೊಸ ನಂಬರನ್ನೂ ಹೈಡ್ ಪಟ್ಟಿಗೆ ಸೇರಿಸಿದಳು. ಅವಳ ಸ್ಟೇಟಸ್ ನನಗೀಗ ಕಾಣುವುದಿಲ್ಲ. ಭಾನುವಾರ ಶೇಂಗಾ ಒಡೆಯಲು ಬಂದು ಕೂರುತ್ತಾಳೆ. ಒಮ್ಮೊಮ್ಮೆ ಮಾತಾಡುತ್ತಾಳೆ, ಒಮ್ಮೊಮ್ಮೆ ಬರೀ ಶೇಂಗಾ ಒಡೆಯುತ್ತಾಳೆ. ಬೀಸುಕಲ್ಲಿನ ಬಗ್ಗೆ ಒಂದು ಮಾತು ಹೇಳುವುದು ಉಳಿದಿತ್ತು. ಅಜ್ಜಿ ಒಬ್ಬಳೇ ಬೀಸುತ್ತಿರಲಿಲ್ಲ. ಎದುರಿಗೆ ಅವಳ ನೆಗೆಣ್ಣಿ ಕೂತು ಅದೇ ಗೂಟವನ್ನು ಹಿಡಿದಿರುತ್ತಿದ್ದಳು. ಇವಳು ಒಂದು ಸಾಲು ಎತ್ತಿಕೊಟ್ಟರೆ ಅವಳು ಮುಂದಿನದಕ್ಕೆ ದನಿಗೂಡಿಸುತ್ತಿದ್ದಳು. ಮನೆಗೆ ಹೋದ ಮೇಲೆ ನಿಮ್ಮ ಮಗುವಿನ ಎದುರಿನ ಆ ಜಾಗ ಖಾಲಿ ಇದೆಯೇ ಎಂದು ಒಮ್ಮೆ ನೋಡಿ. ಖಾಲಿ ಇದ್ದರೆ ಹೋಗಿ ಕೂಡ್ರಿ.